ಕೈರುಚಿ ಎಂಬ ಬಿರುದು

ನಮ್ಮ ಮನೆಗೆ ಬ್ರೆಡ್ ಮಾಡುವ ಯಂತ್ರ ಬಂದು ಎಂಟು ತಿಂಗಳಾಯಿತು. ಸೊಸೆ ತನ್ನ ಸಂಬಳದಲ್ಲಿ ಕೊಂಡು ತಂದದ್ದು. ನೋಡಲು ಅಕ್ಕಿ ಡಬ್ಬದಷ್ಟಿದೆ. ಒಳಗೊಂದು ಪುಟ್ಟ ಬಕೆಟ್ಟು, ಅದರ ತಳದಲ್ಲಿ ಬೆರಳುದ್ದದ ಒಂದು ರೆಕ್ಕೆ. ನೀರು, ಎಣ್ಣೆ, ಉಪ್ಪು, ಸಕ್ಕರೆ, ಹಿಟ್ಟು, ಎಲ್ಲಕ್ಕಿಂತ ಮೇಲೆ ಒಂದು ಚಮಚ ಈಸ್ಟು ಹಾಕಿ ಗುಂಡಿ ಒತ್ತಿದರೆ ಅದೇ ನಾದಿ, ಅದೇ ಉಬ್ಬಿಸಿ, ಅದೇ ಬೇಯಿಸಿ ಮೂರೂವರೆ ಗಂಟೆಗೆ ಕುಂಯ್ ಎನ್ನುತ್ತದೆ.

ಅದರ ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದು ಮಾತ್ರ ನಮ್ಮ ಭಾವನವರಿಂದ. ಹೊಸತೊಡಕಿನ ದಿನ ಕನಕಪುರದಿಂದ ಬಂದಿದ್ದ ಅವರು ಊಟಕ್ಕೆ ಕೂರುವ ಮುಂಚೆ ಅಡುಗೆಮನೆಗೆ ಇಣುಕಿ, ಇದೇನು ಅಂತ ಕೇಳಿದರು. ಹೇಳಿದೆ. “ಮನೇಲಿ ಇಬ್ಬರು ಹೆಂಗಸರಿದ್ದೀರಿ, ಹಿಟ್ಟು ನಾದೋಕೂ ಒಂದು ಮಷೀನು ಬೇಕಾಯ್ತೇನಮ್ಮಾ? ನಮ್ಮವ್ವನ ಕೈರುಚಿ ಇಂಥ ಡಬ್ಬದಲ್ಲಿ ಬಂದಾತಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಅವರ ತಟ್ಟೆಗೆ ಬಿಸಿ ಮುದ್ದೆ ಇಟ್ಟು ಸಾರು ಬಿಟ್ಟೆ. ಸಿಟ್ಟು ಬಂದದ್ದು ಅವರೆಲ್ಲ ಹೊರಟ ಮೇಲೆ, ಮುದ್ದೆ ಪಾತ್ರೆಗೆ ಹಿಡಿದ ಸೀಕು ಉಜ್ಜುವಾಗ. ನಮ್ಮ ಸಿಟ್ಟು ಯಾವಾಗಲೂ ಪಾತ್ರೆ ತೊಳೆಯುವಾಗಲೇ ಬರುವುದು, ಗಮನಿಸಿದ್ದೀರಾ?

ಭಾವನವರು ಕೆಟ್ಟವರಲ್ಲ. ಮದುವೆಯಾದ ಮೇಲೆ ನಾನು ಬಿ.ಎಡ್. ಓದುತ್ತೇನೆಂದಾಗ ಆ ಮನೆಯಲ್ಲಿ ನನ್ನ ಪರ ನಿಂತವರು ಅವರೊಬ್ಬರೇ. ಆ ಋಣ ಮರೆತಿಲ್ಲ. ಆದರೆ ಅವರ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರವಿದೆ. ನಾಲ್ಕು ಸೀಮೆಹಸು ಕಟ್ಟಿದ್ದಾರೆ, ಕೈಯಲ್ಲಿ ಕರೆದರೆ ಬೆರಳು ಸೆಳೆಯುತ್ತದೆ ಎಂದು ತಂದರು, ಸರಿಯಾಗಿಯೇ ಮಾಡಿದರು. ಆ ಹಾಲಿನ ಕಾಫಿ ಕುಡಿಯುತ್ತಾ ಇದರಲ್ಲಿ ಕೈರುಚಿ ಇಲ್ಲವಲ್ಲ ಭಾವ ಎಂದು ಇದುವರೆಗೆ ಯಾರೂ ಕೇಳಿದ್ದಿಲ್ಲ.

ನಾನು ಚಿಕ್ಕವಳಾಗಿದ್ದಾಗ ಬ್ರೆಡ್ಡೆಂದರೆ ಜ್ವರ. ಮಾಗಡಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಯಾರಾದರೂ ಪೇಟೆಯಿಂದ ಬ್ರೆಡ್ಡಿನ ಪೊಟ್ಟಣ ಹಿಡಿದು ಬರುತ್ತಿದ್ದರೆ, “ಯಾರಿಗೆ ಹುಷಾರಿಲ್ಲ?” ಎಂದೇ ದಾರಿಯಲ್ಲಿ ಸಿಕ್ಕವರು ಕೇಳುತ್ತಿದ್ದರು. ಹಾಲಿನಲ್ಲಿ ಅದ್ದಿದ ಎರಡು ಚೂರಿಗಾಗಿ ನಾನು ಸುಳ್ಳು ಜ್ವರ ಬರಿಸಿಕೊಂಡದ್ದೂ ಉಂಟು. ಅದನ್ನು ಮನೆಯಲ್ಲಿ ಮಾಡಬಹುದೆಂಬ ಯೋಚನೆ ಯಾರಿಗೂ ಇರಲಿಲ್ಲ. ಬ್ರೆಡ್ಡು ಬೇಕರಿಯದು, ಬೇಕರಿ ಅಯ್ಯಂಗಾರರದು. ಹಾಸನದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಯೂರಿದ ಆ ಕುಟುಂಬಗಳ ಬೇಕರಿಗಳು ಆಮೇಲೆ ಊರೂರಿಗೂ ಹರಡಿದವು. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರಲ್ಲಿ ಶುರುವಾದದ್ದು, ಇವತ್ತಿಗೂ ಹೆಸರುವಾಸಿ. ನಮ್ಮ ಚನ್ನಪಟ್ಟಣ, ರಾಮನಗರಗಳಲ್ಲಿ ಯಾವ ಬೇಕರಿಯ ಒಳಗೆ ಹೋಗಿ ನೋಡಿದರೂ ಹಿಟ್ಟಿನ ಕೆಲಸ ಮಾಡುವವರು ಹೆಚ್ಚಾಗಿ ಗಂಡಸರೇ. ಅಲ್ಲಿ ನಾದುವುದು ಯಂತ್ರ, ದೊಡ್ಡ ಕಡಾಯಿಯಂಥ ಪಾತ್ರೆಯಲ್ಲಿ ಕಬ್ಬಿಣದ ತೋಳು ತಿರುಗುತ್ತಿರುತ್ತದೆ. ಪಾಶ್ಚಾತ್ಯ ದೇಶದ ಬೇಕರಿಗಳಿಗೆ ನಾದುವ ಯಂತ್ರ ಬಂದು ನೂರು ವರ್ಷದ ಮೇಲಾಯಿತು. ಮನೆಯಲ್ಲಿಟ್ಟುಕೊಳ್ಳುವಂಥದ್ದು ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಸಂಬಳಕ್ಕೆ ನಾದುವ ಗಂಡಸಿಗೆ ಯಂತ್ರ ಮೊದಲು ಬಂತು, ಸಂಬಳವಿಲ್ಲದೆ ನಾದುವ ಹೆಂಗಸಿಗೆ ಅಷ್ಟು ತಡವಾಗಿ ಬಂತು. ಬಂದ ಮೇಲೂ ಅವಳು ಅದಕ್ಕೆ ಕಾರಣ ಹೇಳಬೇಕು!

ಇನ್ನು ನನ್ನ ಮಗನ ವಿಷಯ. ಮನೆ ಮಾತು ಹೊರಗೆ ಹೇಳಬಾರದು ಅಂತಾರೆ, ಆದರೆ ಇದನ್ನು ಹೇಳದೆ ಮುಂದೆ ಹೋಗಲಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತಲ್ಲ, ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದ್ದ ಅವನು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂರತೊಡಗಿದ. ಎರಡು ವಾರಕ್ಕೆ ಬೇಸರ ಬಂತು. ಫೋನಿನಲ್ಲಿ ನೋಡಿ ಬ್ರೆಡ್ ಮಾಡಲು ಹೊರಟ, ಅದೂ ಈಸ್ಟ್ ಇಲ್ಲದೆ, ಹಿಟ್ಟು ನೀರು ಕಲಸಿ ದಿನಗಟ್ಟಲೆ ಹುದುಗು ಬರಿಸಿ ಮಾಡುವ ಹುಳಿ ಬ್ರೆಡ್ಡು. ಅವನ ಬಾಯಲ್ಲಿ ಅದು ಸಾವರ್ ಡೋ. ದೋಸೆ ಹಿಟ್ಟಿಗೆ ಹುದುಗು ಬರಿಸುವ ನಾಡಿನಲ್ಲಿ ಇದೇನು ಮಹಾ ವಿದ್ಯೆ ಎಂದು ನನಗನ್ನಿಸಿತಾದರೂ ಬಾಯಿ ಬಿಡಲಿಲ್ಲ. ಭಾನುವಾರ ಅಡುಗೆಮನೆ ಅವನ ವಶ. ಹಿಟ್ಟು ಕಟ್ಟೆಯ ಮೇಲೆಲ್ಲ ಚೆಲ್ಲಿ, ಅಂಗೈಯಿಂದ ತಳ್ಳಿ, ಮಡಿಸಿ, ತಿರುಗಿಸಿ, ಮತ್ತೆ ತಳ್ಳಿ ಹದಿನೈದು ನಿಮಿಷ ನಾದುತ್ತಿದ್ದ. ಬ್ರೆಡ್ಡು ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಕತ್ತರಿಸುವ ಮುಂಚೆ ಫೋಟೋ, ಕತ್ತರಿಸಿದ ಮೇಲೆ ಫೋಟೋ. ನೆಂಟರಿಷ್ಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಕನಕಪುರದಿಂದ ಇದೇ ಭಾವನವರು ಫೋನು ಮಾಡಿ, “ನಮ್ಮವ್ವನ ಕೈ ನಿನಗೆ ಬಂದದೆ ಕಣಪ್ಪಾ” ಎಂದರು.

ಆಗ ನಮ್ಮ ಅತ್ತೆ ಇನ್ನೂ ಇದ್ದರು. ಮನೆಯಲ್ಲಿ ಐದು ಜನ, ಎರಡು ಹೊತ್ತು ಮುದ್ದೆ. ಅವನು ನಾದುತ್ತಿದ್ದ ಕಟ್ಟೆಗೆ ಮೂರಡಿ ದೂರದಲ್ಲಿ ನಾನು ಹಿಟ್ಟು ತೊಳಸುತ್ತಿದ್ದೆ. ಮೂವತ್ತು ವರ್ಷದಿಂದ ತೊಳಸುತ್ತಿದ್ದೆ. ಆ ಮುದ್ದೆಗೆ ಯಾರೂ ಫೋಟೋ ಹಿಡಿಯಲಿಲ್ಲ. ಹಿಡಿಯಲಿ ಎಂಬ ಆಸೆ ನನಗೇನೂ ಇರಲಿಲ್ಲ. ಆದರೆ ವಾರಕ್ಕೊಮ್ಮೆ ಮನಸ್ಸು ಬಂದಾಗ ನಾದಿದರೆ ಅದು ಕಲೆ, ದಿನಕ್ಕೆರಡು ಸಲ ಮನಸ್ಸಿರಲಿ ಬಿಡಲಿ ತೊಳಸಿದರೆ ಅದು ಕರ್ತವ್ಯ, ಈ ಲೆಕ್ಕ ನನಗೆ ಅರ್ಥವಾದದ್ದು ಆ ವರ್ಷವೇ.

ಆಫೀಸು ಮತ್ತೆ ತೆರೆಯಿತು. ಅವನು ರೈಲು ಹತ್ತಿದ. ಹುದುಗಿನ ಬಾಟಲಿ ಮಾತ್ರ ಫ್ರಿಜ್ಜಿನಲ್ಲೇ ಉಳಿಯಿತು. “ಅಮ್ಮಾ, ವಾರಕ್ಕೊಂದು ಸಲ ಅದಕ್ಕೆ ಒಂದು ಹಿಡಿ ಹಿಟ್ಟು, ಸ್ವಲ್ಪ ನೀರು ಹಾಕ್ತಿರು, ಸಾಯೋಕೆ ಬಿಡಬೇಡ” ಎಂದ. ಹೀಗೆ ಅವನ ಹವ್ಯಾಸ ನನ್ನ ಕೆಲಸಗಳ ಪಟ್ಟಿಗೆ ಸೇರಿತು. ಐದು ತಿಂಗಳು ಸಾಕಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಗಲಾಟೆಯಲ್ಲಿ ಮರೆತೆ, ಅದರ ಮೇಲೆ ಕಪ್ಪು ಬೂಷ್ಟು ಬಂತು, ಕರಿಬೇವಿನ ಗಿಡಕ್ಕೆ ಸುರಿದೆ. ಮಗ ಈಗಲೂ ಅದನ್ನು ನೆನೆದು ಕೊರಗುತ್ತಾನೆ.

ಬ್ರೆಡ್ಡಿನ ಹಿಟ್ಟಿಗೂ ಮುದ್ದೆಯ ಹಿಟ್ಟಿಗೂ ಇರುವ ವ್ಯತ್ಯಾಸ ಎರಡನ್ನೂ ಮಾಡಿದವರಿಗೇ ಗೊತ್ತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿದೆ. ನಾದಿದಷ್ಟೂ ಅದು ಬಲೆಯ ಹಾಗೆ ಹೆಣೆದುಕೊಂಡು, ಹುದುಗಿನಿಂದ ಹುಟ್ಟುವ ಗಾಳಿಯನ್ನು ಹಿಡಿದಿಡುತ್ತದೆ, ಅದಕ್ಕೇ ಬ್ರೆಡ್ಡು ಉಬ್ಬುವುದು. ಆ ಹಿಟ್ಟನ್ನು ನಾದುವುದು ತಣ್ಣಗಿರುವಾಗ. ಕೈ ಸೋತರೆ ಒದ್ದೆ ಬಟ್ಟೆ ಮುಚ್ಚಿಟ್ಟು ಕಾಫಿ ಕುಡಿದು ಬರಬಹುದು, ಹಿಟ್ಟಿಗೆ ಅದರಿಂದ ಒಳ್ಳೆಯದೇ. ರಾಗಿಯಲ್ಲಿ ಆ ಅಂಟಿಲ್ಲ. ಕುದಿಯುವ ಎಸರಿನಲ್ಲಿ ಬೆಂದೇ ಅದು ಕೂಡಿಕೊಳ್ಳಬೇಕು. ಎಸರು ಉಕ್ಕುವಾಗ ಹಿಟ್ಟು ಸುರಿದು, ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಟ್ಟು, ಇಳಿಸಿ, ಪಾತ್ರೆ ಅಲುಗದಂತೆ ಎರಡು ಪಾದಗಳಿಂದ ಒತ್ತಿ ಹಿಡಿದು, ಬಿಸಿ ಆರುವುದರೊಳಗೆ ಸೊಂಟ ಬಗ್ಗಿಸಿ ಭುಜದಿಂದ ತೊಳಸಬೇಕು. ನಡುವೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಗಂಟು. ಆಮೇಲೆ ಕೈಗೆ ನೀರು ಮುಟ್ಟಿಸಿಕೊಂಡು, ಕೆಂಡದಂಥ ಹಿಟ್ಟನ್ನು ಉಂಡೆ ಕಟ್ಟಬೇಕು. ನನ್ನ ಅಂಗೈಗೆ ಬಿಸಿ ತಾಗುವುದೇ ಇಲ್ಲ ಈಗ. ಅದನ್ನೇ ಇವರು ಕೈರುಚಿ ಎನ್ನುವುದೋ ಏನೋ.

2016ರಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಕೈಯೆತ್ತಿ ತಲೆ ಬಾಚುವ ಹಾಗಿರಲಿಲ್ಲ. ಡಾಕ್ಟರು “ಏನು ಕೆಲಸ?” ಎಂದರು. ಟೀಚರ್ ಎಂದೆ. “ಹಾಗಾದರೆ ಬೋರ್ಡಿನ ಮೇಲೆ ಬರೆಯುವುದು ಕಮ್ಮಿ ಮಾಡಿ” ಎಂದು ಚೀಟಿ ಬರೆದರು. ನಾನೂ ತಲೆಯಾಡಿಸಿ ಬಂದೆ. ಬಂದು ಸಂಜೆ ಎಸರಿಟ್ಟೆ. ಹಿಟ್ಟಿನ ಕೋಲಿನ ನೆನಪು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ! ಅವರನ್ನೇಕೆ ದೂರಲಿ, ನನ್ನ ಕೆಲಸ ನನಗೇ ಕೆಲಸವೆಂದು ಕಂಡಿರಲಿಲ್ಲ.

ನಮ್ಮ ಕಡೆ ಜಾತ್ರೆ, ಹಬ್ಬಗಳಲ್ಲಿ ಮುದ್ದೆ ಉಣ್ಣುವ ಸ್ಪರ್ಧೆ ನಡೆಸುತ್ತಾರಲ್ಲ, ನೀವೂ ನೋಡಿರುತ್ತೀರಿ. ಹೆಚ್ಚು ಮುದ್ದೆ ನುಂಗಿದವನಿಗೆ ಹಾರ, ನಗದು ಬಹುಮಾನ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಮ್ಮ ಕಡೆಯ ಒಂದು ಸಮಾರಂಭಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮುಖ್ಯ ಅತಿಥಿಗಳು ಅರ್ಧ ಗಂಟೆ ರಾಗಿಯನ್ನು ಹೊಗಳಿದರು, ಮಿಕ್ಕ ಅರ್ಧ ಗಂಟೆ ತಾಯಂದಿರ ಕೈಗಳನ್ನು. ಯಂತ್ರಕ್ಕೆ ಮರುಳಾದ ಇಂದಿನ ಹೆಣ್ಣುಮಕ್ಕಳಿಂದ ಆ ಅಮೃತ ಮಾಯವಾಗುತ್ತಿದೆಯಂತೆ. ಹಿಂದುಗಡೆ ಶಾಮಿಯಾನದ ಮರೆಯಲ್ಲಿ ಐದಾರು ಹೆಂಗಸರು ಬೆವರು ಸುರಿಸುತ್ತಾ ಇನ್ನೂರು ಜನಕ್ಕೆ ಮುದ್ದೆ ಕಟ್ಟುತ್ತಿದ್ದರು. ಅವರಿಗೆ ಭಾಷಣ ಕೇಳಿಸಿತೋ ಇಲ್ಲವೋ.

ಹೊಗಳಿಕೆ ಎಂಬುದು ಕೂಲಿ ಕೊಡದೆ ದುಡಿಸಿಕೊಳ್ಳುವ ಹಳೆಯ ಉಪಾಯ. ನನ್ನ ತಕರಾರು ಇಷ್ಟೇ.

ಇದು ಹೊಸದೂ ಅಲ್ಲ. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಹಳ್ಳಿಗೆ ಹಿಟ್ಟಿನ ಮಿಲ್ಲು ಬಂತು. ಅಲ್ಲಿಯವರೆಗೆ ನಮ್ಮಜ್ಜಿ, ಅವ್ವ ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಕಲ್ಲಿನ ಮುಂದೆ ಕೂರುತ್ತಿದ್ದರು. ತಾತನಿಗೆ ಮಿಲ್ಲಿನ ಹಿಟ್ಟು ಆಗದು. ಹಿಟ್ಟು ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ, ಸತ್ವ ಹೋಗುತ್ತದೆ, ಕಲ್ಲಿನ ರುಚಿಯೇ ಬೇರೆ ಎಂದು ಒಂದು ವರ್ಷ ಹಟ ಹಿಡಿದರು. ಹಿಟ್ಟು ಬಿಸಿಯಾಗುವುದು ನಿಜವೇ. ಆದರೆ ಆ ಒಂದು ವರ್ಷ ಊರಿಗೆಲ್ಲ ಮಿಲ್ಲಿದ್ದೂ ನಮ್ಮ ಮನೆಯ ಹೆಂಗಸರು ಕಲ್ಲು ತಿರುಗಿಸಿದರು, ತಾತನ ನಾಲಿಗೆಗೋಸ್ಕರ. ಕೊನೆಗೆ ಅಜ್ಜಿ ಕದ್ದು ಮಿಲ್ಲಿಗೆ ಕಳಿಸತೊಡಗಿದಳು. ತಾತನಿಗೆ ಗೊತ್ತೇ ಆಗಲಿಲ್ಲ, “ನೋಡಿದ್ಯಾ, ಕಲ್ಲಿನ ಹಿಟ್ಟು ಅಂದ್ರೆ ಇದು” ಎಂದು ಉಂಡರು.

ಕನ್ನಡ ಮೇಡಂ ಆಗಿ ನಾನು ಬೀಸುವ ಪದಗಳನ್ನು ಪಾಠ ಮಾಡಿದ್ದೇನೆ. ಹಲಸಂಗಿಯ ಗೆಳೆಯರು ಊರೂರು ತಿರುಗಿ ಅಂಥ ಹಾಡುಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸದಿದ್ದರೆ ಎಷ್ಟೋ ಮಣ್ಣು ಪಾಲಾಗುತ್ತಿದ್ದವು. ಬಿ.ಎ. ಓದುವಾಗ ರಜೆಗೆ ಹೋಗಿ ಅಜ್ಜಿಯನ್ನು ಕೇಳಿದೆ, ಕಲ್ಲು ಬಿಟ್ಟ ಮೇಲೆ ಹಾಡೆಲ್ಲ ಮರೆತುಹೋಯಿತಾ ಅಜ್ಜಿ, ಎಂಥ ನಷ್ಟ ಅಲ್ಲವಾ ಎಂದು. ಅಜ್ಜಿ ಎಲೆಯಡಿಕೆ ಮಡಿಸುತ್ತಾ, “ಹಾಡು ಹೋದ್ರೆ ಹೋಗ್ಲಿ ಬುಡು ಮಗಾ, ನಿದ್ದೆ ಬಂತಲ್ಲ” ಎಂದಳು.

ನಮ್ಮ ಚನ್ನಪಟ್ಟಣದ ಬೊಂಬೆ ನೋಡಿ. ಹಿಂದೆ ಹಗ್ಗ ಎಳೆದು ಕೈಯಿಂದ ತಿರುಗಿಸುತ್ತಿದ್ದ ಲೇತಿನ ಮೇಲೆ ಕಡೆಯುತ್ತಿದ್ದರು, ಈಗ ಮೋಟಾರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವ ಕೈಚಳಕ ಉಳಿದಿದೆ, ತೋಳಿನ ದಣಿವು ಹೋಗಿದೆ. ಅದನ್ನು ಚನ್ನಪಟ್ಟಣದ ಬೊಂಬೆಯಲ್ಲ ಎಂದವರುಂಟೇ? ರಾಮನಗರದಲ್ಲಿ ರೇಷ್ಮೆ ನೂಲು ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಆಟೊಮ್ಯಾಟಿಕ್ ಯಂತ್ರಕ್ಕೆ ಹೋಯಿತು. ಯಂತ್ರದ ನೂಲಿಗೆ ಹೆಚ್ಚು ಬೆಲೆ ಸಿಗುತ್ತದೆ, ಕಡಿಮೆಯಲ್ಲ. ಸಂತೆಗೆ ಹೋಗುವ ವಸ್ತುವಿಗೆ ಯಂತ್ರ ಬಂದರೆ ಪ್ರಗತಿ. ಒಲೆಯ ಮುಂದಕ್ಕೆ ಬಂದರೆ ಸೋಮಾರಿತನ.

ಈ ಬ್ರೆಡ್ಡಿನ ಯಂತ್ರ ಹುಟ್ಟಿದ ಕಥೆ ಓದಿದಾಗ ನನಗೆ ಕಣ್ಣು ತುಂಬಿ ಬಂತು, ನಗಬೇಡಿ. 1985ರಲ್ಲಿ ಒಸಾಕಾದ ಮತ್ಸುಶಿತಾ ಕಂಪನಿಯವರು ಇದನ್ನು ಮಾಡಲು ಹೊರಟರು. ಬ್ರೆಡ್ಡು ಹೊರಗೆ ಕರಕಲು, ಒಳಗೆ ಹಸಿ. ಯಂತ್ರ ನಾದಿದ ಹಿಟ್ಟಿಗೂ ಬೇಕರಿಯವರು ನಾದಿದ ಹಿಟ್ಟಿಗೂ ಎಕ್ಸ್‌ರೇ ತೆಗೆದು ಹೋಲಿಸಿದರೂ ತಿಳಿಯಲಿಲ್ಲ. ಆಗ ಇಕುಕೊ ತನಾಕಾ ಎಂಬ ಹೆಣ್ಣುಮಗಳು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವವಳು, ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರಿಯವನ ಬಳಿ ಶಿಷ್ಯೆಯಾಗಿ ನಿಂತು ನಾದುವುದನ್ನು ಕಲಿತಳು. ಅವನು ಹಿಟ್ಟನ್ನು ಎಳೆಯುವ ಬಗೆಯೇ ವಿಶೇಷವೆಂದು ಅವಳಿಗೆ ಹೊಳೆಯಿತು. ಎಂಜಿನಿಯರುಗಳ ಜೊತೆ ಒಂದು ವರ್ಷ ಒದ್ದಾಡಿ, ಯಂತ್ರದ ಒಳಮೈಗೆ ಏಣುಗಳನ್ನು ಕೂರಿಸಿ, ಆ ಎಳೆತವನ್ನು ಯಂತ್ರಕ್ಕೆ ಕಲಿಸಿದರು. ಇಕುಜಿರೊ ನೊನಾಕಾ ಎಂಬ ಜಪಾನಿ ಪ್ರಾಧ್ಯಾಪಕರು ಇದನ್ನು ಬರೆದು, ಕೈಗೆ ಗೊತ್ತಿದ್ದು ಬಾಯಿಗೆ ಬಾರದ ವಿದ್ಯೆಗೆ ಉದಾಹರಣೆಯಾಗಿ ಕೊಟ್ಟಿದ್ದಾರೆ.

ನೋಡಿ, ಯಂತ್ರ ಕೈಯನ್ನು ಅವಮಾನಿಸಲಿಲ್ಲ. ಕೈಯ ಮುಂದೆ ಕೂತು ಪಾಠ ಹೇಳಿಸಿಕೊಂಡಿತು. ಒದ್ದೆ ಬೆರಳು ಮುಟ್ಟಿಸಿ, ಅಂಟದಿದ್ದರೆ ಹಿಟ್ಟು ಬೆಂದಿದೆ ಎಂದು ತಿಳಿಯುವ, ಕೋಲು ಬಿಗಿಯುವ ಬಗೆಯಲ್ಲೇ ನೀರು ಕಮ್ಮಿಯಾಯಿತೆಂದು ತಿಳಿಯುವ ನಮ್ಮ ಅಕ್ಕಂದಿರ ಪಕ್ಕದಲ್ಲಿ ಮಾಗಡಿಯಲ್ಲೋ ಕನಕಪುರದಲ್ಲೋ ಯಾರಾದರೂ ಹಾಗೆ ಒಂದು ವರ್ಷ ನೋಟ್‌ಬುಕ್ ಹಿಡಿದು ಕೂತದ್ದನ್ನು ನಾನಂತೂ ಕಂಡಿಲ್ಲ. ದೊಡ್ಡ ಅಡುಗೆಮನೆಗಳಿಗೆ ಮುದ್ದೆ ಯಂತ್ರಗಳು ಬಂದಿವೆ. ನಾಲ್ಕು ಜನರ ಮನೆಗೆ, ಮಧ್ಯಮ ವರ್ಗದ ಕೈಗೆಟುಕುವ, ಅತ್ತೆಯಂದಿರು ಮೂಗು ಮುರಿಯದಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮ ಶಾಲೆಯ ಗಣಿತದ ಮೇಡಂ ಒಪ್ಪುವುದಿಲ್ಲ. ಆಕೆಯೂ ಮನೆಯಲ್ಲಿ ಬ್ರೆಡ್ಡು ಮಾಡುವವಳು, ಕೈಯಿಂದಲೇ. “ಹಿಟ್ಟು ನಾದುವ ಹತ್ತು ನಿಮಿಷವೇ ದಿನದಲ್ಲಿ ನನ್ನದು ಅನ್ನೋ ಹೊತ್ತು. ಅದನ್ನೂ ಮಷೀನಿಗೆ ಕೊಟ್ಟರೆ ನನಗೇನು ಉಳೀತು?” ಎಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ರಜೆಯಲ್ಲಿ ನಾನೂ ಕೈಯಿಂದ ನಾದುತ್ತೇನೆ. ಮೂರು ಪಾಲು ಮೈದಾಕ್ಕೆ ಒಂದು ಪಾಲು ರಾಗಿ ಬೆರೆಸಿದರೆ ಬ್ರೆಡ್ಡು ನಮ್ಮ ಮಣ್ಣಿನ ಬಣ್ಣಕ್ಕೆ ಬರುತ್ತದೆ. ಹೆಚ್ಚು ರಾಗಿ ಹಾಕಿದರೆ ಏಳುವುದಿಲ್ಲ, ಇಟ್ಟಿಗೆ. ಕೈಗೆ ಹಿಟ್ಟು ಮೆತ್ತಗೆ ಒದಗಿ ಬರುವ ಸುಖ ನನಗೂ ಗೊತ್ತು. ಯಂತ್ರದ ಬ್ರೆಡ್ಡಿನ ತಳದಲ್ಲಿ ರೆಕ್ಕೆ ಸಿಕ್ಕಿದ ತೂತಿರುತ್ತದೆ, ಆಕಾರ ಒಂದೇ, ನಡುವೆ ಕರೆಂಟು ಹೋದರೆ ಎಲ್ಲ ಕೆಡುತ್ತದೆ. ಕೈಯದೇ ಚೆನ್ನ ಎಂದು ಆಕೆ ಹೇಳಲಿ, ಕೇಳುತ್ತೇನೆ. ನಾದಿದವಳ ಮಾತು ಅದು. ಹಿಟ್ಟನ್ನೇ ಮುಟ್ಟದವರು ಹೇಳಿದಾಗ ಮಾತ್ರ ನನ್ನ ಭುಜ ನೋಯುತ್ತದೆ.

ಯಂತ್ರ ಬಂದ ಕೂಡಲೇ ನಾವು ಆರಾಮಾಗಿಬಿಡುತ್ತೇವೆಂದೂ ನಾನು ಹೇಳುತ್ತಿಲ್ಲ. ಮಿಕ್ಸಿ ಬಂತು, ಒಂದು ಚಟ್ನಿ ಇದ್ದದ್ದು ಎರಡಾಯಿತು. ವಾಷಿಂಗ್ ಮಷೀನ್ ಬಂತು, ಎರಡು ದಿನ ಉಡುತ್ತಿದ್ದ ಪ್ಯಾಂಟು ದಿನಾ ಬುಟ್ಟಿಗೆ ಬಿತ್ತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೊವಾನ್ 1983ರಲ್ಲಿ ಒಂದು ಪುಸ್ತಕ ಬರೆದು ಇದನ್ನೇ ಹೇಳಿದರು, ‘ಮೋರ್ ವರ್ಕ್ ಫಾರ್ ಮದರ್’ ಎಂದು ಅದರ ಹೆಸರು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ. ಮಾಡುವ ಗಂಡಸರು 97 ನಿಮಿಷ. ಮಾಡುವ ಗಂಡಸರೇ ನೂರಕ್ಕೆ ಸುಮಾರು 26 ಮಂದಿ. ಉಳಿದವರು ಕೈರುಚಿಯ ಬಗ್ಗೆ ಮಾತಾಡುವವರಿರಬೇಕು.

ಹಾಗಾಗಿ ಗುಂಡಿ ಒತ್ತುವುದು ಯಾರು ಎಂಬುದೇ ನನಗೆ ಮುಖ್ಯ. ಸೊಸೆ ಮೊದಲ ದಿನವೇ ಅದನ್ನು ಮಾವನ ಮುಂದಿಟ್ಟು, “ನಿಮಗೆ ಅಳತೆ ಚೆನ್ನಾಗಿ ಗೊತ್ತಲ್ಲ ಮಾವ” ಎಂದುಬಿಟ್ಟಳು. ಸರ್ವೆ ಇಲಾಖೆಯಿಂದ ನಿವೃತ್ತರಾದ ಮನುಷ್ಯ, ಗ್ರಾಂ ಲೆಕ್ಕದಲ್ಲಿ ಹಿಟ್ಟು ತೂಗುವುದು ಅವರಿಗೆ ಹಿಡಿಸಿತು. ರಾತ್ರಿ ಹಾಕಿಟ್ಟು ಮಲಗುತ್ತಾರೆ, ಬೆಳಿಗ್ಗೆ ಐದೂವರೆಗೆ ಅದು ಕೂಗುತ್ತದೆ. ಮಕ್ಕಳಿಬ್ಬರೂ ರೈಲಿಗೆ ಡಬ್ಬಿ ಕಟ್ಟಿಕೊಳ್ಳುತ್ತಾರೆ. ನಾನು ಎದ್ದು ಪೇಪರು ಓದುತ್ತೇನೆ. ಮಗ ಒಮ್ಮೆ, “ಮಷೀನ್ ಬ್ರೆಡ್ಡಿಗೆ ಆತ್ಮ ಇರಲ್ಲ” ಎಂದ. ಸೊಸೆ ಬೆಣ್ಣೆ ಸವರುತ್ತಲೇ, “ಆತ್ಮ ಬೇಕಾದವರು ಭಾನುವಾರ ನಾದಬಹುದು” ಎಂದಳು. ಅವನಿನ್ನೂ ನಾದಿಲ್ಲ. ರಾತ್ರಿ ಮುದ್ದೆ ಮಾತ್ರ ಈಗಲೂ ನನ್ನದೇ, ಅದನ್ನು ಬಚ್ಚಿಡುವುದಿಲ್ಲ.

ಕಳೆದ ಭಾನುವಾರ ಸಂಜೆ ಕನಕಪುರದಿಂದ ಅಕ್ಕ, ಅಂದರೆ ಭಾವನವರ ಹೆಂಡತಿ, ಫೋನು ಮಾಡಿದರು. ದನಿ ತಗ್ಗಿಸಿ ಮಾತಾಡುತ್ತಿದ್ದರು. ಹಿಂದೆ ಹಾಲಿನ ಮಷೀನಿನ ಸದ್ದು ಕೇಳಿಸುತ್ತಿತ್ತು.

“ಲೇ, ಆ ಬ್ರೆಡ್ಡಿನ ಡಬ್ಬಕ್ಕೆ ಎಷ್ಟು ಕೊಟ್ರಂತೆ? ನಿಮ್ಮ ಭಾವ ಕೊಟ್ಟಿಗೇಲವ್ರೆ, ಬೇಗ ಹೇಳು.”

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅದ್ರಲ್ಲಿ ಮುದ್ದೆ ಆಯ್ತದಾ?”

“ಇಲ್ಲ ಅಕ್ಕ, ಬ್ರೆಡ್ಡು ಮಾತ್ರ.”

“ಹಂಗಾದ್ರೆ ನನಗ್ಯಾಕೆ ಅದು” ಎಂದರು. ಆಮೇಲೆ, ಇಡುವ ಮುಂಚೆ, “ಮುದ್ದೇದು ಯಾವಾಗ ಬತ್ತದಂತೆ?” ಎಂದು ಕೇಳಿದರು. ನಾನು ಏನಾದರೂ ಹೇಳುವಷ್ಟರಲ್ಲಿ ಹಿಂದಿನ ಸದ್ದು ನಿಂತಿತು. “ಬಂದ್ರು, ಇಡ್ತೀನಿ” ಎಂದು ಇಟ್ಟರು.